ಹೆಸರೆತ್ತುವ ಹಾಗಿಲ್ಲ

ಸೆಪ್ಟೆಂಬರ್ 6, 1983

ಬೇಸಿಗೆಯಿಡೀ ಮುಚ್ಚಿದ್ದ ನಮ್ಮ ಲಾಡ್ಜ್, ಫ್ರೀಮೇಸನ್ ಸೋದರಸಂಘದ ಸಭೆಮನೆ, ಇವತ್ತು ತೆರೆಯಿತು. ಕಿಟಕಿಗಳಲ್ಲಿ ಸತ್ತ ನೊಣಗಳು, ಗೋಡೆಯ ಮೇಲೆ ಸತ್ತ ಮಾಸ್ಟರುಗಳ ಫೋಟೋಗಳು. ಜೀವಂತವಾಗಿ ಬಂದವರು ಹದಿನಾಲ್ಕು ಮಂದಿ.

ನನ್ನದು ದಕ್ಷಿಣದ ಪೀಠ. ಸೋದರರ ಊಟ ಉಪಚಾರ ನೋಡಿಕೊಳ್ಳುವುದು ಆ ಪೀಠದವನ ಕರ್ತವ್ಯವೆಂದು ಪುಸ್ತಕದಲ್ಲಿ ಭವ್ಯವಾಗಿ ಬರೆದಿದೆ. ಅಂದರೆ ಬೀನ್ಸ್ ಬೇಯಿಸುವುದು, ಬ್ರೆಡ್ ಕತ್ತರಿಸುವುದು, ಪಾತ್ರೆ ತೊಳೆಯುವುದು. ಫ್ರೀಮೇಸನರ ಗುಟ್ಟೇನೆಂದು ಯಾರಾದರೂ ಕೇಳಿದರೆ ಇದನ್ನು ಹೇಳಬಹುದು.

ನಮ್ಮಲ್ಲಿ ವರ್ಷಕ್ಕೊಂದು ಕುರ್ಚಿ ಮುಂದಕ್ಕೆ. ದಕ್ಷಿಣದವನು ಪಶ್ಚಿಮಕ್ಕೆ, ಪಶ್ಚಿಮದವನು ಪೂರ್ವಕ್ಕೆ. ಪೂರ್ವದಲ್ಲಿ ಕೂತವನೇ ಮಾಸ್ಟರ್. ಆ ವರ್ಷ ಅವನೊಬ್ಬನೇ ಟೋಪಿ ಹಾಕುತ್ತಾನೆ, ಅವನ ಸುತ್ತಿಗೆ ಮೇಜಿಗೆ ತಾಗಿದ ಮೇಲೆ ಯಾರೂ ಬಾಯಿ ತೆರೆಯುವಂತಿಲ್ಲ. ಇದು ಪದ್ಧತಿ. ಕಾನೂನು ಬೇರೆ: ಡಿಸೆಂಬರಿನಲ್ಲಿ ಎಲ್ಲರೂ ಚೀಟಿಯಲ್ಲಿ ಒಂದು ಹೆಸರು ಬರೆಯಬೇಕು, ಅದಕ್ಕೆ ಮೊದಲು ಯಾರೂ ಯಾರ ಹೆಸರನ್ನೂ ಸೂಚಿಸಬಾರದು, ಓಟು ಕೇಳಬಾರದು, ಅದರ ಮಾತೇ ಎತ್ತಬಾರದು. ಕಾನೂನಿನ ಪ್ರಕಾರ ಯಾರು ಬೇಕಾದರೂ ಮಾಸ್ಟರ್ ಆಗಬಹುದು. ಪದ್ಧತಿಯ ಪ್ರಕಾರ ಒಬ್ಬನೇ. ಈ ಸಲ ಆ ಒಬ್ಬ, ಪಶ್ಚಿಮದ ಪೀಠದಲ್ಲಿರುವ ವೆಂಡೆಲ್ ಹ್ಯಾಸ್ಕಲ್, ನನ್ನ ಹೆಂಡತಿ ಲೋರ್ನಾಳ ಅಣ್ಣ, ನನ್ನ ಭಾವ.

ಜೂನ್‌ನಲ್ಲಿ ಭಾವನಿಗೆ ಸಣ್ಣದಾಗಿ ಲಕ್ವ ಹೊಡೆದಿತ್ತು. ಕೈ ವಾಪಸು ಬಂದಿದೆ. ಮಾತುಗಳಲ್ಲಿ ಕೆಲವು ಬಂದಿಲ್ಲ. ಊಟವಾದ ಮೇಲೆ ನನ್ನ ಪಕ್ಕ ನಿಂತು ತಟ್ಟೆ ಒರೆಸುತ್ತ ಹೇಳಿದರು: "ಲೋ ಆಲ್ಟನ್, ಗುರುವಾರ ಗುರುವಾರ ನಮ್ಮನೆಗೆ ಬಾರೋ. ಮಾಸ್ಟರನ ಪಾಠ ಬಾಯಿಗೆ ಹತ್ತಿಸ್ಕೋಬೇಕು."

"ಬರ್ತೀನಿ ಭಾವ."

"ಪೇಪರ್ ಮಿಲ್ಲಲ್ಲಿ ಇಡೀ ಆಯಸ್ಸು ಮೆಷಿನ್ ಮುಂದೆ ನಿಂತೆ. ಅಲ್ಲಿ ಯಾರ ಮಾತೂ ಯಾರಿಗೂ ಕೇಳ್ತಿರಲಿಲ್ಲ. ಒಂದು ವರ್ಷ ಕಣೋ, ಒಂದೇ ವರ್ಷ, ನಾನು ಮಾತಾಡ್ಬೇಕು, ಜನ ಸುಮ್ನೆ ಕೂತು ಕೇಳ್ಬೇಕು."

ಇಷ್ಟು ಹೇಳುವಷ್ಟರಲ್ಲಿ ತಟ್ಟೆಗಳೆಲ್ಲ ಒಣಗಿದ್ದವು. ನಾನು ಅವಸರ ಮಾಡಲಿಲ್ಲ. ನನಗೆ ಪೂರ್ವದ ಪೀಠ ಬೇಕಾಗಿಯೇ ಇಲ್ಲ. ಭಾವ ಎರಡು ವರ್ಷ ಕೂತರೆ ಇನ್ನೂ ಒಳ್ಳೆಯದು.

ಸೆಪ್ಟೆಂಬರ್ 15

ವೆಂಡೆಲ್ ಮನೆಯ ಅಡಿಗೆಮನೆ. ಅತ್ತಿಗೆ ತೀರಿಕೊಂಡ ಮೇಲೂ ಅದೇ ಹಳದಿ ಪರದೆ. ಫ್ರಿಜ್ಜನ್ನೇ ಪೂರ್ವ ದಿಕ್ಕು ಮಾಡಿಕೊಂಡು ಅದರ ಮುಂದೆ ನಿಂತು ಶುರುಮಾಡಿದರು. ಮೊದಲರ್ಧ ಚೆನ್ನಾಗಿಯೇ ಹೋಯಿತು. ಹೊಸಬನೊಬ್ಬ ಕಣ್ಣು ಕಟ್ಟಿಸಿಕೊಂಡು ಬಂದು ನಿಂತಾಗ 'ಇವನಿಗೆ ಬೇಕಾದದ್ದು ಬೆಳಕು' ಎನ್ನಬೇಕು. ಭಾವ 'ಇವನಿಗೆ ಬೇಕಾದದ್ದು ಬಾಗಿಲು' ಎಂದರು. ಮತ್ತೆ ಹೇಳಿಸಿದೆ. ಮತ್ತೆ ಬಾಗಿಲು.

"ಪಾಪ, ಕಣ್ಣು ಕಟ್ಟಿದ್ದಾರೆ, ಇಷ್ಟು ಮುದುಕರ ಮಧ್ಯೆ ನಿಲ್ಸಿದ್ದಾರೆ. ಅವನಿಗೆ ಬಾಗಿಲೇ ಬೇಕಾಗಿರೋದು!" ಎಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಒಂದು ಒಪ್ಪಂದವಾಯಿತು. ಮಾತು ತಪ್ಪಿದಾಗ ಅವರು ನನ್ನ ಕಡೆ ನೋಡುತ್ತಾರೆ, ನಾನು ಮೊದಲ ಪದ ಕೊಡುತ್ತೇನೆ.

"ನೋಡಿದ ತಕ್ಷಣ ಹೇಳ್ಬಿಡು, ಕಾಯಬೇಡ. ಕಾದೆ ಅಂದ್ರೆ ಬಾಯಲ್ಲಿ ಇರೋ ಮಾತೂ ಓಡೋಗುತ್ತೆ."

ಸೆಪ್ಟೆಂಬರ್ 28

ನನ್ನ ಕನ್ನಡಕದ ಅಂಗಡಿಗೆ ಕ್ಲಿಫ್ಟನ್ ಮೂಡಿ ಬಂದ. ಹಿಂದೊಂದು ಕಾಲದಲ್ಲಿ ಮಾಸ್ಟರ್ ಆಗಿದ್ದವನು. ಕನ್ನಡಕದ ಸ್ಕ್ರೂ ಸಡಿಲವಾಗಿದೆಯಂತೆ. ಬಿಗಿ ಮಾಡಿ ಕೊಟ್ಟೆ. ಹಾಕಿಕೊಂಡು, ಕನ್ನಡಿ ನೋಡಿಕೊಂಡು ಕೇಳಿದ: "ಹೇಗಿದಾನೆ ನಿಮ್ಮ ಭಾವ?"

"ಚೆನ್ನಾಗಿದಾರೆ."

"ಓ. ಚೆನ್ನಾಗಿದಾನೆ." ನಾಳೆ ಬಿಸಿಲು ಬರುತ್ತದೆ ಅಂತ ರೇಡಿಯೋ ಹೇಳಿದರೆ ಜನ ಹೀಗೇ ಅನ್ನುತ್ತಾರೆ.

ಅಕ್ಟೋಬರ್ 11

ಇವತ್ತು ಆರಿನ್ ಟಿಬೆಟ್ಸ್. ಈ ವರ್ಷದ ಮಾಸ್ಟರ್. ಬೇರೆ ಯಾರೂ ಸಿಗದೆ ಮೂರನೆಯ ಸಲ ಕೂತಿರುವವರು. ಅವರ ಸ್ಕ್ರೂ ಸಡಿಲವಾಗಿರಲಿಲ್ಲ. ಆದರೂ ತಿರುಗಿಸಿದಂತೆ ಮಾಡಿದೆ.

"ಹೇಗಿದಾನೆ ನಿಮ್ಮ ಭಾವ?"

"ಯಾಕೆ, ಎಲ್ಲರೂ ಇದನ್ನೇ ಕೇಳ್ತೀರಿ?"

"ಲಕ್ವ ಹೊಡೆದವನ ಆರೋಗ್ಯ ಕೇಳಬಾರ್ದೇನಯ್ಯ?"

"ಡಿಸೆಂಬರಿನ ವಿಷಯ ಅಂತ—"

ಕೈ ಎತ್ತಿ ತಡೆದರು. "ಆ ಮಾತು ಎತ್ತೋ ಹಾಗಿಲ್ಲ. ನಾನು ಎತ್ತಿದ್ನಾ? ಇಲ್ಲ. ನೀನೂ ಎತ್ತಬೇಡ. ನಾನು ಕೇಳಿದ್ದು ಆರೋಗ್ಯ." ಆಮೇಲೆ ಸಂಬಂಧವೇ ಇಲ್ಲದಂತೆ ಹೇಳಿದರು: ಮುಂದಿನ ತಿಂಗಳು, ಎಲ್ಲ ಲಾಡ್ಜುಗಳ ಮೇಲಿರುವ ಗ್ರ್ಯಾಂಡ್ ಲಾಡ್ಜಿನ ಜಿಲ್ಲಾ ಪ್ರತಿನಿಧಿ ಬರುತ್ತಾನೆ. ಸಭೆಯನ್ನು ಕ್ರಮವಾಗಿ ತೆರೆದು ಮುಚ್ಚುವುದಕ್ಕೂ ಬಾರದ ಲಾಡ್ಜುಗಳ ಮಾನ್ಯತೆಯ ಸನ್ನದು ಕಿತ್ತುಕೊಂಡು ಪಕ್ಕದ ಊರಿಗೆ ಸೇರಿಸುತ್ತಿದ್ದಾರೆ. ನಮ್ಮ ಪಾಲಿಗೆ ಹಾರ್ಟ್‌ವೆಲ್. "ಹಾರ್ಟ್‌ವೆಲ್‌ನವರ ಬೀನ್ಸ್ ತಿಂದಿದೀಯಾ? ಟೊಮೇಟೊ ಹಾಕ್ತಾರೆ, ದರಿದ್ರದವರು."

ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೆ ನೋಡಿದರು. ಉತ್ತರ ಇನ್ನೂ ಬಾಕಿ ಇದೆ ಎಂಬಂತೆ.

"ಪರವಾಗಿಲ್ಲ," ಎಂದೆ.

ಅದು ಸುಳ್ಳಲ್ಲ.

ಅಕ್ಟೋಬರ್ 20

ಭಾವ ಬ್ಯಾಂಗರ್‌ಗೆ ಹೋಗಿ ಟೋಪಿ ತಂದಿದ್ದಾರೆ. ಕಪ್ಪು, ರೇಷ್ಮೆ ಪಟ್ಟಿಯದು. ಫ್ರಿಜ್ಜಿನ ಮೇಲೆ ಇಟ್ಟಿದ್ದರು. ಜನವರಿಯ ಪದಗ್ರಹಣಕ್ಕೆ ಪೋರ್ಟ್‌ಲೆಂಡಿನಿಂದ ಮಗಳು ಕಾರ್ಲೀನ್ ಬರುತ್ತಾಳಂತೆ. ಅವತ್ತು ಹೆಂಗಸರಿಗೂ ಒಳಗೆ ಪ್ರವೇಶ.

"ಡಿಸೆಂಬರ್ ಆಗ್ಲಿ ಭಾವ, ಆಮೇಲೆ ಕರೆದರಾಯ್ತು," ಎಂದೆ.

"ಯಾಕೆ? ಡಿಸೆಂಬರಲ್ಲಿ ಏನಾಗುತ್ತೆ?"

ಕಾನೂನಿನ ಪ್ರಕಾರ ಅದಕ್ಕೆ ಉತ್ತರ ಕೊಡುವಂತಿರಲಿಲ್ಲ. ಪಾಠಕ್ಕೆ ಹೋದೆವು.

ಇವತ್ತು ಅವರಿಗಿಂತ ಮೊದಲು ನಾನೇ ವಾಕ್ಯದ ಕೊನೆ ಮುಟ್ಟಿ ಕಾಯುತ್ತಿದ್ದೆ. ಪೂರ್ತಿ ಪಾಠ ನನಗೆ ಬಾಯಿಗೆ ಬಂದಿದೆ. ಅಂಗಡಿಯಲ್ಲಿ ಗಾಜು ಉಜ್ಜುವಾಗ ತಾನಾಗಿ ಬರುತ್ತದೆ, ಒಂದು ಅಕ್ಷರವೂ ತಪ್ಪದೆ. ಇದನ್ನು ಯಾರಿಗೂ ಹೇಳಿಲ್ಲ. ಹೇಳುವಂಥದ್ದೇನೂ ಇಲ್ಲ.

ಅಕ್ಟೋಬರ್ 27

ಹತ್ತು ಸಲ ಬಾಗಿಲು. ಈಗ ನಗು ಬರುವುದಿಲ್ಲ.

ಅಕ್ಟೋಬರ್ 31

ಮೂಡಿ ಮತ್ತೆ ಬಂದ. "ದಣೀತಾರೆ" ಎಂದೆ. ಅವನು ತಲೆಯಾಡಿಸಿದ.

ಅವನ ಹಿಂದೆಯೇ ಆರಿನ್. ಹಬ್ಬದ ವೇಷ ಹಾಕಿ ಮಿಠಾಯಿ ಕೇಳಲು ಬಂದ ಮಕ್ಕಳ ಬುಟ್ಟಿಗೆ ನಾನು ಚಾಕೊಲೇಟ್ ಹಾಕುವವರೆಗೂ ಕಾದು, ಗಂಟಲು ಮುಟ್ಟಿಕೊಂಡು ಹೇಳಿದರು: "ನಾಳೆ ನನಗೆ ಶೀತ ಕಣಯ್ಯ."

"ನಾಳೆಯಾ?"

"ಜೋರು ಶೀತ. ಸಭೆಗೆ ಬರೋಕಾಗಲ್ಲ. ಮಾಸ್ಟರ್ ಇಲ್ಲದಾಗ ಪಶ್ಚಿಮದ ಪೀಠದವನು ಪೂರ್ವಕ್ಕೆ ಹೋಗಿ ನಡೆಸಬೇಕು. ಪುಸ್ತಕದಲ್ಲಿದೆ. ನಾನೇನೂ ಹೊಸದು ಹೇಳ್ತಿಲ್ಲ."

"ನಾಳೆ ಜಿಲ್ಲಾ ಪ್ರತಿನಿಧಿ ಬರ್ತಾನೆ."

"ಬರ್ತಾನೆ. ಪಾಪ, ವೆಂಡೆಲ್‌ಗೂ ಒಂದು ಅವಕಾಶ ಸಿಗ್ಲಿ."

ಭಾವನಿಗೆ ಫೋನ್ ಮಾಡಿ ಹೇಳಬೇಕೆಂದುಕೊಂಡೆ. ಏನಂತ ಹೇಳುವುದು? ಒಬ್ಬರಿಗೆ ನಾಳೆ ಶೀತವಾಗುತ್ತದೆ ಅಂತಲೇ? ರಾತ್ರಿಯಿಡೀ ಗಾಬರಿಪಟ್ಟು ಇನ್ನೂ ಕೆಡಿಸಿಕೊಳ್ಳುತ್ತಿದ್ದರು. ಹೇಳದಿದ್ದದ್ದೇ ಒಳ್ಳೆಯದಾಯಿತು.

ನವೆಂಬರ್ 1

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆರಿನ್‌ಗೆ ಶೀತವೆಂದು ಕಾರ್ಯದರ್ಶಿ ತಿಳಿಸಿದ. ಭಾವನ ಮುಖ ಕೆಂಪಾಯಿತು, ಖುಷಿಗೆ. ಮನೆಗೆ ಓಡಿ ಟೋಪಿ ತಂದರು. ಅದಕ್ಕಾಗಿ ಸಭೆ ಕಾಯಿತು; ಜಿಲ್ಲಾ ಪ್ರತಿನಿಧಿ ಗಡಿಯಾರ ನೋಡಿದ. ಭಾವ ಪೂರ್ವಕ್ಕೆ ಹತ್ತಿದರು. ನಾನು ಅವರ ಜಾಗಕ್ಕೆ, ಪಶ್ಚಿಮಕ್ಕೆ ಬಂದೆ, ನೇರ ಎದುರಿಗೆ.

ತೆರೆಯುವ ಮಾತುಗಳನ್ನು ತಪ್ಪಿಲ್ಲದೆ ಹೇಳಿದರು. ಇಷ್ಟು ಚೆನ್ನಾಗಿ ಫ್ರಿಜ್ಜಿನ ಮುಂದೆಯೂ ಹೇಳಿರಲಿಲ್ಲ. ಮೂಡಿ ನನ್ನ ಕಡೆ ಹುಬ್ಬೇರಿಸಿದ. ನಾನು ಹೇಳಿದ್ದೆಲ್ಲ ಸುಳ್ಳೇನೋ ಎನ್ನುವ ಥರ. ಅದು ನನಗೆ ಹಿಡಿಸಲಿಲ್ಲ.

ಆಮೇಲೆ ಹೊಸಬನನ್ನು ಕರೆತಂದರು. ಮಿಲ್ಲಿನ ಹೊಸ ಫೋರ್‌ಮನ್, ಕಣ್ಣು ಕಟ್ಟಿತ್ತು. 'ಇವನಿಗೆ ಬೇಕಾದದ್ದು' ಎಂದು ಭಾವ ನಿಂತರು. ನನ್ನ ಕಡೆ ನೋಡಿದರು.

ಬಾಯಿಗೆ ಪದ ಬಂದಿತ್ತು. ಆದರೆ ತೀರ ಬೇಗ ಕೊಟ್ಟರೆ ಹೇಳುವವನಿಗೆ ಅವಮಾನ. ಅದು ಎಲ್ಲ ಲಾಡ್ಜುಗಳಲ್ಲೂ ಇರುವ ಮರ್ಯಾದೆ. ಅವರಾಗಿ ನೆನಪು ಮಾಡಿಕೊಳ್ಳಲಿ ಎಂದು ಕಾದೆ. ಅವರು ನೋಡುತ್ತಲೇ ಇದ್ದರು. ನಾನು ಕನ್ನಡಕ ತೆಗೆದು ಒರೆಸಿದೆ. ಕನ್ನಡಕವಿಲ್ಲದೆ ಅಷ್ಟು ದೂರದ ಮುಖ ನನಗೆ ಕಾಣುವುದಿಲ್ಲ, ಟೋಪಿ ಮಾತ್ರ ಕಾಣುತ್ತದೆ.

"ಬಾಗಿಲು," ಎಂದರು. ಯಾರೋ ಕೆಮ್ಮಿದರು. "ಬಾಗಿಲು. ಅಲ್ಲ. ಬಾ... ಬಾಗಿಲು."

ಬಾಗಿಲ ಹತ್ತಿರ ಇದ್ದವನು ಆಜ್ಞೆ ಎಂದುಕೊಂಡು ಬಾಗಿಲು ತೆರೆದೇ ಬಿಟ್ಟ. ಹೊರಗಿನ ಗಾಳಿ ಒಳಗೆ ಬಂತು. ಕಣ್ಣು ಕಟ್ಟಿದ್ದ ಫೋರ್‌ಮನ್ ಆ ಕಡೆ ತಿರುಗಿ ಎರಡು ಹೆಜ್ಜೆ ಹಾಕಿದ. ನಕ್ಕವರು ಯಾರೆಂದು ಹೇಳುವುದಿಲ್ಲ, ಎಲ್ಲರೂ ನಕ್ಕರು. ಕೊನೆಗೆ ಜಿಲ್ಲಾ ಪ್ರತಿನಿಧಿ ಕೂತಲ್ಲಿಂದಲೇ "ಬೆಳಕು" ಎಂದ, ಬೇಸರದಿಂದ, ಹೋಟೆಲಿನಲ್ಲಿ ಉಪ್ಪು ಕೇಳುವ ಹಾಗೆ.

ಊಟದ ಹೊತ್ತಿಗೆ ಭಾವ ನನ್ನ ಪಕ್ಕದಲ್ಲೇ ಬಂದು ಕೂತರು. "ನಿನಗೂ ಮರ್ತೋಯ್ತಾ?"

"ಹೌದು ಭಾವ."

"ಅಯ್ಯೋ ಬಿಡು. ಇಬ್ರಿಗೂ ವಯಸ್ಸಾಯ್ತು," ಎಂದು ಬೆನ್ನು ತಟ್ಟಿದರು.

ನವೆಂಬರ್ 9

ಈ ವಾರ ಅಂಗಡಿಗೆ ಹಳೆಯ ಮಾಸ್ಟರುಗಳು ಯಾರೂ ಬರಲಿಲ್ಲ. ಯಾರ ಸ್ಕ್ರೂವೂ ಸಡಿಲವಾಗಿಲ್ಲ.

ನವೆಂಬರ್ 24

ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಭಾವ ನಮ್ಮಲ್ಲೇ ಊಟ ಮಾಡಿದರು. ಟರ್ಕಿ ಕೋಳಿ ಕತ್ತರಿಸುತ್ತ ಪೂರ್ವದ ಪೀಠದ ಮಾತುಗಳನ್ನು ಹೇಳಿ ಲೋರ್ನಾಳನ್ನು ನಗಿಸಿದರು. ಅವರು ಹೋದ ಮೇಲೆ ಅವಳು ಕೇಳಿದಳು: "ಅಣ್ಣನ್ನ ಮಾಸ್ಟರ್ ಮಾಡ್ತಾರಲ್ವಾ?"

"ಅದನ್ನ ಮಾತಾಡೋ ಹಾಗಿಲ್ಲ."

"ನನ್ನ ಹತ್ರ ಕೂಡ?"

"ಯಾರ ಹತ್ರಾನೂ."

"ಮಾಡಲ್ಲ ಅಂದ್ರೆ ಈಗಲೇ ಹೇಳಿಬಿಡು. ಮಗಳಿಗೆ ಬಾ ಅಂದಿದಾನೆ, ಹೊಸ ಸೂಟ್ ಹೊಲಿಸಿದಾನೆ. ಒಂದು ಮಾತು ಕಿವಿಗೆ ಹಾಕಿದ್ರೆ ಅವನೇ ಹಿಂದೆ ಸರೀತಾನೆ, ಮರ್ಯಾದೆ ಉಳಿಯುತ್ತೆ."

"ಅದು ಪ್ರಚಾರ ಮಾಡಿದ ಹಾಗಾಗುತ್ತೆ ಲೋರ್ನಾ. ಅಪರಾಧ."

ಅವಳು ತಟ್ಟೆಗಳನ್ನು ಎತ್ತಿಕೊಂಡಳು. "ನೀವೇ ಬರ್ಕೊಂಡ ಕಾನೂನು, ನೀವೇ ಓದ್ಕೋತೀರಿ," ಎಂದು ಒಳಗೆ ಹೋದಳು. ನಮ್ಮ ಕಾನೂನು ಹೊರಗಿನವರಿಗೆ ಅರ್ಥವಾಗುವುದು ಕಷ್ಟ.

ಡಿಸೆಂಬರ್ 6

ಚುನಾವಣೆ. ಹಾಜರಿ ಹದಿನೇಳು. ಆರಿನ್‌ರ ಶೀತ ವಾಸಿಯಾಗಿತ್ತು. ಸುತ್ತಿಗೆ ತಟ್ಟಿ ಹೇಳಿದರು: "ಸೋದರರೇ, ಯಾರೂ ಯಾರನ್ನೂ ಸೂಚಿಸಿಲ್ಲ. ಯಾರೂ ಯಾರ ಪರವಾಗಿಯೂ ಮಾತಾಡಿಲ್ಲ. ಮನಸ್ಸಾಕ್ಷಿಯಂತೆ ಬರೆಯಿರಿ."

ಪೀಠದವರಲ್ಲಿ ಒಂದು ಮರ್ಯಾದೆ ಉಂಟು: ತನ್ನ ಹೆಸರು ತಾನು ಬರೆಯಬಾರದು. ಪಶ್ಚಿಮದವನು ದಕ್ಷಿಣದವನ ಹೆಸರು ಬರೆಯುತ್ತಾನೆ, ದಕ್ಷಿಣದವನು ಪಶ್ಚಿಮದವನದು. ಆದರೆ ಮರ್ಯಾದೆ ಒಂದು, ಲಾಡ್ಜಿನ ಹಿತ ಇನ್ನೊಂದು. ಒಂದೆರಡು ಓಟಿನಲ್ಲಿ ಎಡವಟ್ಟಾಗಿ ಸನ್ನದೇ ಹೋದರೆ? ಲಾಡ್ಜಿಗೆ ಬೇಕಾದದ್ದನ್ನು ಬರೆದೆ. ದಿನವೂ ನೂರು ಕಡೆ ಹಾಕುವ ರುಜು. ಕೈ ತಾನಾಗಿ ಬರೆದು ಮುಗಿಸಿತು.

ಚೀಟಿಗಳನ್ನು ಒಂದೊಂದಾಗಿ ಓದಿದರು. ಸೋದರ ಆಲ್ಟನ್ ಪ್ರ್ಯಾಟ್. ಸೋದರ ಪ್ರ್ಯಾಟ್. ಪ್ರ್ಯಾಟ್. ಭಾವ ಮೊದಮೊದಲು ತಪ್ಪಾಗಿ ಓದುತ್ತಿದ್ದಾರೆ ಎನ್ನುವಂತೆ ಕಿವಿ ಮುಂದೆ ತಂದರು. ನಡುವೆ ಎಲ್ಲೋ ಒಂದು ಸಲ ಹ್ಯಾಸ್ಕಲ್. ಆಮೇಲೆ ಮತ್ತೆ ಪ್ರ್ಯಾಟ್, ಕೊನೆಯವರೆಗೂ. ಹದಿನಾರು, ಒಂದು. ಚೀಟಿಗಳನ್ನು ಒಲೆಗೆ ಹಾಕಿದರು.

ಮೊದಲು ಚಪ್ಪಾಳೆ ತಟ್ಟಿದವರು ಭಾವ.

ಕೋಟು ಹಾಕಿಕೊಳ್ಳುವಾಗ ನನ್ನ ತೋಳು ಹಿಡಿದರು. "ಆ ಒಂದು ಓಟು ನಿನ್ನದು ಅಂತ ಗೊತ್ತು ಕಣೋ. ಥ್ಯಾಂಕ್ಸ್." ಒಂದು ಪದವೂ ತಡವರಿಸಲಿಲ್ಲ.

"ಇರ್ಲಿ ಭಾವ," ಎಂದೆ. ಬೇರೇನು ಹೇಳಲು ಸಾಧ್ಯವಿತ್ತು.

ಡಿಸೆಂಬರ್ 7

ಲೋರ್ನಾ ಪೋರ್ಟ್‌ಲೆಂಡಿಗೆ ಫೋನ್ ಮಾಡಿ ಕಾರ್ಲೀನ್‌ಗೆ ಬರಬೇಡ ಎಂದಳು.

ಡಿಸೆಂಬರ್ 12

ಆ ಒಂದು ಓಟು ಯಾರದು? ಮೂಡಿಯದೇ ಇರಬೇಕು, ನವೆಂಬರಿನಲ್ಲಿ ಹುಬ್ಬೇರಿಸಿದವನು. ಆರಿನ್‌ರನ್ನು ಕೇಳಿದೆ.

"ಅದು ನಿನ್ನದಲ್ವೇನಯ್ಯ?" ಎಂದರು. "ನಾವೆಲ್ಲ ನಿನಗೆ ಹಾಕಿದ್ವಿ. ವೆಂಡೆಲ್ ಕೂಡ ಪದ್ಧತಿ ಪ್ರಕಾರ ನಿನಗೇ ಹಾಕಿರ್ತಾನೆ. ಉಳಿದದ್ದು ನೀನೊಬ್ಬ. ನೋಡು, ಅದೇ ಸಜ್ಜನಿಕೆ ಅನ್ನೋದು. ಮೂಡಿ ಹತ್ರ ಕೂಡ ಅದೇ ಹೇಳ್ತಿದ್ದೆ."

ತಲೆಯಾಡಿಸಿದೆ. ಆದರೆ ಯಾರೋ ಒಬ್ಬನಿದ್ದಾನೆ, ನನ್ನನ್ನು ಬೇಡವೆಂದವನು, ನನ್ನ ವರ್ಷದಲ್ಲಿ ನನ್ನೆದುರೇ ಕೂರುವವನು. ಅಂಗಡಿಗೆ ಬರುವ ಒಬ್ಬೊಬ್ಬರನ್ನೂ ಹೇಗಿದೀರಿ ಎಂದು ವಿಚಾರಿಸುತ್ತಿದ್ದೇನೆ.

ಡಿಸೆಂಬರ್ 19

ಹೊರಕಾವಲಿಗೆ ಜನ ಬೇಕು. ಮುಚ್ಚಿದ ಬಾಗಿಲ ಹೊರಗೆ ಕತ್ತಿ ಹಿಡಿದು ಕೂರುವ ಕೆಲಸ. ಮಾಸ್ಟರ್ ತನ್ನಿಷ್ಟದಂತೆ ನೇಮಿಸುತ್ತಾನೆ. ಮಾತು ಹೆಚ್ಚಿಲ್ಲ, ಒಳಗಿಂದ ಬಡಿದರೆ ತಿರುಗಿ ಬಡಿಯಬೇಕು, ಅಷ್ಟೆ. ಭಾವನಿಗೆ ಹೇಳಿ ಮಾಡಿಸಿದಂತಿದೆ. ಕೇಳಿದೆ.

"ಹೊರಗಾ?" ಎಂದರು. ಆಮೇಲೆ, "ಹೀಟರ್ ಇದೆಯಲ್ಲಾ ಅಲ್ಲಿ?"

"ಒಂದು ಹಾಕಿಸೋಣ."

ಏಳುವಾಗ ಟೋಪಿಯ ಅಳತೆ ಎಷ್ಟೆಂದು ಕೇಳಿದೆ. ನನಗೆ ಬ್ಯಾಂಗರ್‌ಗೆ ಹೋಗಲು ಪುರಸೊತ್ತಿಲ್ಲ. ಅವರು ಫ್ರಿಜ್ಜಿನ ಮೇಲಿಂದ ತೆಗೆದು, ತೋಳಿನಲ್ಲಿ ಧೂಳು ಒರೆಸಿ ಕೊಟ್ಟರು. ಲೋರ್ನಾಗೆ ಇದೂ ತಪ್ಪಾಗಿ ಕಂಡಿತು. ಸುಮ್ಮನೆ ಬಿದ್ದಿದ್ದ ಟೋಪಿ. ಒಳಗೆ ಸ್ವಲ್ಪ ಕಾಗದ ತುರುಕಿದರೆ ಸರಿಯಾಗಿ ಕೂರುತ್ತದೆ.

ಜನವರಿ 3, 1984

ಪದಗ್ರಹಣ. ಎಲ್ಲ ಚೆನ್ನಾಗಿ ನಡೆಯಿತು. ಲೋರ್ನಾಗೆ ತಲೆನೋವಂತೆ, ಬರಲಿಲ್ಲ. ನಾನು ಸುತ್ತಿಗೆ ತಟ್ಟಿದಾಗ ಇಡೀ ಕೋಣೆ ಒಂದೇ ಸಲ ಸುಮ್ಮನಾಯಿತು. ಆ ಮೌನ ಹೇಗಿರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ.

ಸನ್ನದು ಉಳಿಯಿತೆಂದು ಜಿಲ್ಲಾ ಪ್ರತಿನಿಧಿ ತಿಳಿಸಿದ. ಮುಚ್ಚುವ ಯೋಚನೆ ನಮ್ಮ ವಿಷಯದಲ್ಲಿ ಇರಲೇ ಇಲ್ಲ ಎಂದೂ ಹೇಳಿದ; ವಿನಯಕ್ಕೆ ಹೇಳಿರಬೇಕು.

ಜನವರಿ 22

ಭಾನುವಾರಗಳಲ್ಲಿ ಲೋರ್ನಾ ಅಣ್ಣನ ಮನೆಯಲ್ಲೇ ಊಟ ಮಾಡುತ್ತಾಳೆ. ನನಗೆ ಡಬ್ಬಿಯ ಸೂಪ್. ಮನೆ ನಿಶ್ಶಬ್ದವಾಗಿರುವುದರಿಂದ ಪಾಠ ಹೇಳಿಕೊಳ್ಳಲು ಅನುಕೂಲ.

ಫೆಬ್ರವರಿ 7

ಭಾವನಿಂದ ತೊಂದರೆ ಶುರುವಾಗಿದೆ. ಸಿಕ್ಕವರಿಗೆಲ್ಲ 'ನನ್ನ ಪರ ಬರೆದವನು ಇವನೊಬ್ಬನೇ' ಎಂದು ನನ್ನನ್ನು ತೋರಿಸುತ್ತಾರೆ. ಇವತ್ತು ಊಟದ ಮನೆಯಲ್ಲಿ ಹೊಸ ಫೋರ್‌ಮನ್ ಎದುರಿಗೂ ಹೇಳಿದರು. ಆಮೇಲೆ ಸಭೆ ನಡೆಯುವಾಗ ಒಳಗಿಂದ ಮೂರು ಸಲ ಬಡಿದರೆ ಹೊರಗಿಂದ ಉತ್ತರವೇ ಇಲ್ಲ. ಮತ್ತೆ ಬಡಿದಾಗ ಐದು. ಮೂಡಿ ನಕ್ಕ. ನನ್ನ ಸಭೆಯಲ್ಲಿ ನಕ್ಕ.

ಎಲ್ಲರೂ ಹೋದ ಮೇಲೆ ಹೊರಗೆ ಬಂದೆ. ಹೀಟರ್ ಇನ್ನೂ ಹಾಕಿಸಿಲ್ಲ. ಅವರು ಕೋಟಿನ ಮೇಲೆ ಕಂಬಳಿ ಹೊದ್ದು, ಕತ್ತಿ ಮೊಣಕಾಲಿನ ಮೇಲಿಟ್ಟುಕೊಂಡು ಕೂತಿದ್ದರು.

"ಮೂರಕ್ಕೆ ಮೂರು ಬಡಿಯೋದೂ ಆಗಲ್ವಾ ಭಾವ?"

"ಕೈ ಮರಗಟ್ಟಿತ್ತು ಕಣೋ. ನಿನಗೋಸ್ಕರ ಕೂತಿದೀನಿ. ನನಗೆ ಓಟು ಹಾಕಿದವನ ವರ್ಷ ಕೆಡಬಾರ್ದು ಅಂತ."

ಸಲ್ಲದ ಕೃತಜ್ಞತೆ ಹೊತ್ತು ಓಡಾಡುವುದು ಸೋದರನಾದವನಿಗೆ ತಕ್ಕದ್ದಲ್ಲ. ಸತ್ಯ ಹೇಳುವುದು ನನ್ನ ಕರ್ತವ್ಯವೆನಿಸಿತು. "ಅದು ನನ್ನ ಓಟಲ್ಲ," ಎಂದೆ. "ನಾನು ನಿಮಗೆ ಬರೀಲಿಲ್ಲ. ಇನ್ಯಾರೋ ಬರೆದಿರ್ಬೇಕು. ಅವರಿಗೆ ಹೇಳಿ ಥ್ಯಾಂಕ್ಸ್."

ಅವರು ಬೆಚ್ಚುತ್ತಾರೆ ಎಂದುಕೊಂಡಿದ್ದೆ. ಕಂಬಳಿ ಮಡಿಸತೊಡಗಿದರು. ಮೂಲೆಗೆ ಮೂಲೆ ಸೇರಿಸಿ, ನಿಧಾನವಾಗಿ.

"ಗೊತ್ತು. ಅದು ನಾನೇ ಬರ್ಕೊಂಡಿದ್ದು."

"ನೀವೇ?"

"ನಾನೇ. ಹದಿನೇಳು ಜನದಲ್ಲಿ ಒಬ್ಬನಾದ್ರೂ ನನ್ನ ಹೆಸರು ಬರೀಬೇಕಲ್ಲ."

"ಮತ್ತೆ ನನಗ್ಯಾಕೆ ಥ್ಯಾಂಕ್ಸ್ ಹೇಳಿದ್ರಿ?"

"ನೀನು ಏನಂತೀಯೋ ನೋಡೋಣ ಅಂತ." ಕಂಬಳಿಯನ್ನು ಕುರ್ಚಿಯ ಮೇಲಿಟ್ಟರು. ಕತ್ತಿಯನ್ನು ಒರೆಗೆ ಸೇರಿಸಿ ಗೋಡೆಗೆ ತೂಗುಹಾಕಿದರು. "ನೀನು 'ಇರ್ಲಿ ಭಾವ' ಅಂದೆ."

ಮೆಟ್ಟಿಲು ಇಳಿದು ಹೋದರು. ಕೆಳಗೆ ಲೋರ್ನಾ ಕಾರಿನಲ್ಲಿ ಕಾಯುತ್ತಿದ್ದಳು, ನನಗಲ್ಲ.

ಈಗ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ತನ್ನ ಹೆಸರನ್ನು ತಾನೇ ಬರೆದುಕೊಳ್ಳುವುದು ನಮ್ಮ ಮರ್ಯಾದೆಗೆ ಪೂರ್ತಿ ವಿರುದ್ಧ. ಅದೂ ಹಾಗೆ ಮಾಡಿ ಇಷ್ಟು ದಿನ ಏನೂ ಆಗಿಲ್ಲವೆಂಬಂತೆ ಇದ್ದುಬಿಡುವುದು. ಅಂಥವನನ್ನು ಲಾಡ್ಜಿನ ಬಾಗಿಲಲ್ಲಿ ಕೂರಿಸಬಹುದೇ ಎಂಬ ಪ್ರಶ್ನೆ ಏಳುತ್ತದೆ. ಪುಸ್ತಕ ತೆಗೆದು ನೋಡಿದೆ. ಹೊರಕಾವಲಿನವನನ್ನು ನೇಮಿಸುವುದೂ ತೆಗೆಯುವುದೂ ಮಾಸ್ಟರನ ಇಷ್ಟ. ಕಾರಣ ಕೊಡಬೇಕಾಗಿಲ್ಲ.